ಬಾಯಿಗೂಡಿದ ಕುರಿಯ ಮಿದುಳಲ್ಲಿ ಕಿಣ್ವ ಉಳಿಸಿಕೊಂಡ ಬಗೆ: ನನ್ನ ಅನುಭವ

ನವೆಂಬರ್‌ನಿಂದ ಶುರುವಾಗಿ ಸತತ ಆರು ಭಾನುವಾರ ಒಂದೇ ಉತ್ತರ ಬಂತು. ಆಮೇಲೆಯೇ ಇದನ್ನು ಬರೆಯಲು ಕೂತೆ. ಪ್ರಶ್ನೆ ಇಷ್ಟೇ: ಮಿದುಳಿನ ಜೀವಕೋಶದ ಪೊರೆಯಲ್ಲಿ ಎಟಿಪಿ ಎಂಬ ಇಂಧನ ಒಡೆದು ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಕಿಣ್ವವಿದೆ, ಅದೇ ಸೋಡಿಯಂ-ಪೊಟ್ಯಾಸಿಯಂ ಪಂಪು; ವಯಸ್ಸಾದ ಮಿದುಳಲ್ಲಿ ಅದು ಎಷ್ಟು ಉಳಿದಿರುತ್ತದೆ, ಎಷ್ಟು ತಾಳುತ್ತದೆ? ಅದಕ್ಕೂ ಮೊದಲು ಎರಡು ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು. ಬೆಂಗಳೂರಿನ ನನ್ನ ಗೆಳೆಯನಂತೂ ಫೋನಿನಲ್ಲಿ, "ಅಲ್ಟ್ರಾ ಸೆಂಟ್ರಿಫ್ಯೂಜ್ ಇಲ್ಲದೆ ಮಿದುಳಿನ ಪೊರೆ ಕೆಲಸವಾ? ಅದೂ ಮುದಿ ಮಿದುಳು! ಸುಮ್ನೆ ದುಡ್ಡು ಕಳೀಬೇಡ ಮಾರಾಯ" ಎಂದಿದ್ದ. ಈಗ ಅವನೇ ನನ್ನ ಬಫರ್ ಪಟ್ಟಿ ಕೇಳುತ್ತಿದ್ದಾನೆ.

ನಾನು ಹಾಸನದಲ್ಲಿ ಪಾಠ ಮಾಡುವವನು. ನಮ್ಮ ಲ್ಯಾಬಿನಲ್ಲಿ ಅತಿವೇಗದಲ್ಲಿ ತಿರುಗಿಸುವ ಅಲ್ಟ್ರಾ ಇಲ್ಲ. ಇರುವುದು 12,000 ಜಿ (ಭೂಮಿಯ ಸೆಳೆತದ 12,000 ಪಟ್ಟು) ತನಕ ಹೋಗುವ ಒಂದು ಕೂಲಿಂಗ್ ಸೆಂಟ್ರಿಫ್ಯೂಜ್, ಮಿದುಳು ಅರೆಯುವ ಗಾಜು-ಟೆಫ್ಲಾನ್ ಹೋಮೋಜಿನೈಸರ್, ಹಳೆಯ ಸ್ಪೆಕ್ಟ್ರೋಫೋಟೋಮೀಟರ್, ವಾಟರ್ ಬಾತ್. ಇಲಿ ಸಾಕಲು ಪ್ರಾಣಿಗೃಹ ಬೇಕು, ಅದಕ್ಕೆ ನೋಂದಣಿ ಬೇಕು. ಎರಡು ವರ್ಷ ಸಾಕಿ ಮುದಿ ಮಾಡುವಷ್ಟು ದುಡ್ಡೂ ಇರಲಿಲ್ಲ. ಹಾಗಾಗಿ ಕುರಿ. ಕುರಿಯ ವಯಸ್ಸು ಬಾಯಿ ತೆರೆದರೆ ಸಾಕು, ಗೊತ್ತಾಗುತ್ತದೆ. ಹಾಲುಹಲ್ಲು ಅಂದರೆ ವರ್ಷದೊಳಗೆ. ಎರಡು ಹಲ್ಲು ಬಂದರೆ ಒಂದೂವರೆ ವರ್ಷದ ಆಸುಪಾಸು. ಬಾಯಿಗೂಡಿದರೆ ನಾಲ್ಕು ದಾಟಿದೆ. ಇನ್ನೊಂದು ಲಾಭವೂ ಇದೆ. ಇಲಿಯ ಸೋಡಿಯಂ-ಪೊಟ್ಯಾಸಿಯಂ ಪಂಪಿನಲ್ಲಿ ಆಲ್ಫಾ-1 ರೂಪ, ಪಂಪನ್ನು ತಡೆಯುವ ಔಬೈನ್ ಎಂಬ ವಿಷಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಕುರಿಯದ್ದು ಬಗ್ಗುತ್ತದೆ. 1 ಮಿಲಿಮೋಲಾರ್ ಔಬೈನ್ ಹಾಕಿದ ಕೊಳವೆ, ಹಾಕದ ಕೊಳವೆ, ಒಂದರ ಅಂಕಿಯಿಂದ ಇನ್ನೊಂದರದ್ದನ್ನು ಕಳೆದರೆ ಪಂಪಿನ ಲೆಕ್ಕ ನೇರವಾಗಿ ಸಿಗುತ್ತದೆ.

ಮೊದಲ ವರ್ಷದ ಕಥೆ ಪೂರ್ತಿ ಸೋಲು. ಕಟ್ಟಿನಕೆರೆ ಮಾರುಕಟ್ಟೆ ಕಡೆಯಿಂದ ಭೇಜಾ ತರುತ್ತಿದ್ದೆ, ಪ್ಲಾಸ್ಟಿಕ್ ಕವರಿನಲ್ಲಿ. ಲ್ಯಾಬ್ ಮುಟ್ಟುವ ಹೊತ್ತಿಗೆ ಒಂದೂವರೆ ಗಂಟೆ. ಮರಿಯ ಪಂಪು ಹೇಗೋ ತಡೆದುಕೊಳ್ಳುತ್ತಿತ್ತು. ಮುದಿ ಕುರಿಯದ್ದು ಅದರ ಅರ್ಧಕ್ಕೂ ಕಡಿಮೆ. ವಯಸ್ಸಿನಿಂದ ಕಿಣ್ವ ಬಿದ್ದಿದೆ ಎಂದು ಖುಷಿಪಟ್ಟೆ. ಒಂದು ಸಭೆಯಲ್ಲಿ ತೋರಿಸಿಯೂ ಬಿಟ್ಟೆ. ಹಿರಿಯರೊಬ್ಬರು ಎದ್ದು, "ಅದು ವಯಸ್ಸೋ, ನಿಮ್ಮ ಕವರೋ?" ಎಂದು ಕೇಳಿದರು. ಆ ಮಾತು ಚುಚ್ಚಿತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು.

ಮರುವಾರವೇ ಪರೀಕ್ಷಿಸಿದೆ. ಒಂದೇ ಮುದಿ ಮಿದುಳನ್ನು ಎರಡು ಹೋಳು ಮಾಡಿದೆ. ಒಂದು ಹೋಳು ಅಂಗಡಿಯಲ್ಲೇ ಐಸಿಗೆ. ಇನ್ನೊಂದು ಹಳೆಯ ಹಾಗೆ ಕವರಿಗೆ. ಐಸಿನದ್ದು ಹತ್ತಿರ ಹತ್ತಿರ ಎರಡು ಪಟ್ಟು ಜಾಸ್ತಿ ಕೊಟ್ಟಿತು. ಮರಿಯ ಮಿದುಳಲ್ಲಿ ಇದೇ ಪರೀಕ್ಷೆ ಮಾಡಿದರೆ ವ್ಯತ್ಯಾಸ ಕಾಲು ಭಾಗವೂ ಇಲ್ಲ. ಅಂದರೆ ಮುದಿ ಪೊರೆ ಮೊದಲೇ ಕೆಟ್ಟಿರಲಿಲ್ಲ, ನಾನು ದಾರಿಯಲ್ಲಿ ಕೆಡಿಸುತ್ತಿದ್ದೆ. ಇಡೀ ಕೆಲಸದ ಬೆನ್ನುಮೂಳೆ ಇದೇ. ವಯಸ್ಸಾದ ಪೊರೆಯಲ್ಲಿ ಕಿಣ್ವ ಇರುತ್ತದೆ, ಅದರ ತಾಳಿಕೆ ಕಮ್ಮಿ, ಅಷ್ಟೇ.

ಅಲ್ಲಿಂದ ಮೀನು ಮಾರುವವರ ಹತ್ತಿರ ಐಸ್ ಕೊಂಡು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತಣ್ಣನೆಯ ಸುಕ್ರೋಸ್ ದ್ರಾವಣ ಇಟ್ಟುಕೊಂಡು, ಬೆಳಿಗ್ಗೆ ಆರಕ್ಕೇ ಅಂಗಡಿ ಮುಂದೆ ನಿಲ್ಲತೊಡಗಿದೆ. "ಮೇಷ್ಟ್ರೇ, ಎಲ್ಲರೂ ಎಳೇದು ಕೊಡಿ ಅಂತಾರೆ, ಬಾಯಿಗೂಡಿದ್ದು ಕೇಳೋರು ನೀವೊಬ್ಬರೇ" ಎನ್ನುತ್ತಿದ್ದರು ಅಂಗಡಿಯವರು. ಒಂದಕ್ಕೆ ನೂರಿಪ್ಪತ್ತೋ ನೂರೈವತ್ತೋ ತೆಗೆದುಕೊಳ್ಳುತ್ತಿದ್ದರು. ಮೂರನೇ ತಿಂಗಳಿಂದ ಅವರೇ ಹಲ್ಲು ನೋಡಿ, ತಲೆ ಒಡೆದ ಕೂಡಲೇ ಮಿದುಳನ್ನು ಡಬ್ಬಿಗೆ ಹಾಕಿಕೊಡುತ್ತಿದ್ದರು. ಈ ಕೆಲಸದಲ್ಲಿ ಅವರ ಪಾಲು ದೊಡ್ಡದು.

ರಕ್ತ ತೊಳೆಯುವುದನ್ನು ಯಾರೂ ಹಗುರವಾಗಿ ನೋಡಬೇಡಿ. ಮೇಲಿನ ಸಿಪ್ಪೆಯಂಥ ಪೊರೆ ಬಿಡಿಸಿ, ಬೂದು ಭಾಗ ಮಾತ್ರ ಕೆರೆದು, ಮೂರು ಸಲ ತೊಳೆಯುತ್ತೇನೆ. ಉಳಿದ ರಕ್ತದ ಕಬ್ಬಿಣ ಪೊರೆಯ ಕೊಬ್ಬನ್ನು ಕೆಡಿಸುತ್ತದೆ. ಕೊಬ್ಬು ಕೆಟ್ಟದ್ದನ್ನು ಹೇಳುವ, 532 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುವ ಗುಲಾಬಿ ಬಣ್ಣ ಎದ್ದು ಬರುತ್ತದೆ. ಮುದಿ ಮಿದುಳಲ್ಲಿ ಇನ್ನೂ ಜಾಸ್ತಿ.

ಎರಡನೇ ಪೆಟ್ಟು ಮೈಲಿನ್‌ನಿಂದ, ಅಂದರೆ ನರತಂತುಗಳ ಕೊಬ್ಬಿನ ಹೊದಿಕೆಯಿಂದ ಬಂತು. ವಯಸ್ಸಾದ ಮಿದುಳಲ್ಲಿ ಕೊಲೆಸ್ಟರಾಲ್ ಏರಿದೆ ಎಂದು ಪುಟಗಟ್ಟಲೆ ಬರೆದಿಟ್ಟಿದ್ದೆ. ಅದರಲ್ಲಿ ಹೆಚ್ಚಿನ ಪಾಲು ನರತಂತುಗಳ ಮೈಲಿನ್‌ನದು. ನನಗೆ ಬೇಕಾದ ನರತುದಿಯ ಪೊರೆಯದಲ್ಲ. ಇದನ್ನು ಬೇರ್ಪಡಿಸಲು ಅಲ್ಟ್ರಾ ಬೇಕೇ ಬೇಕು ಎಂದು ಎಲ್ಲರೂ ಹೇಳಿದ್ದು. ಬೇಕಿಲ್ಲ. 0.8 ಮೋಲಾರ್ ಸುಕ್ರೋಸ್ ಮೇಲೆ ಒರಟು ಪೆಲೆಟ್ (ಮೊದಲು ತಿರುಗಿಸಿದಾಗ ತಳಕ್ಕಿಳಿದ ಗಸಿ) ಕದಡಿ ಪದರವಾಗಿ ಬಿಟ್ಟು, 9,000 ಜಿ ಹತ್ತಿರ ಅರ್ಧ ಗಂಟೆ ತಿರುಗಿಸುವ ದಾರಿ 1975ರಿಂದಲೇ ಇದೆ. ಮೈಲಿನ್ ಮೇಲೆ ತೇಲುತ್ತದೆ, ಮೈಟೋಕಾಂಡ್ರಿಯ ತಳ ಸೇರುತ್ತದೆ, ನರತುದಿಗಳು ನಡುವಿನ ಸುಕ್ರೋಸ್‌ನಲ್ಲಿ ಮೋಡದ ಹಾಗೆ ನಿಲ್ಲುತ್ತವೆ. ಮುದಿ ಮಿದುಳಿಗೆ ಇದನ್ನು ಹಾಗೆಯೇ ಮಾಡಿದರೆ ಮೋಡ ಸಿಗುವುದಿಲ್ಲ, ಎಲ್ಲ ಮೊಸರಾಗುತ್ತದೆ. ಹೋಮೋಜಿನೈಸರ್ ಹೊಡೆತಗಳ ಲೆಕ್ಕ ಬದಲಿಸಬೇಕು. ಮೋಡವನ್ನು ತೆಳುಗೊಳಿಸುವ ವೇಗವನ್ನೂ ಬದಲಿಸಬೇಕು. ಆ ಎರಡು ಅಂಕಿ ಇಲ್ಲಿ ಬರೆಯುವುದಿಲ್ಲ. ನನ್ನ ವಿದ್ಯಾರ್ಥಿನಿಯ ಪ್ರಬಂಧ ಮುಗಿಯುವ ತನಕ ಅವು ಅವಳ ಸ್ವತ್ತು. ಪೊರೆ ಚೀಲಗಳನ್ನು ತೆರೆಯಲು ಸೋಪಿನಂಥ ಡಿಯಾಕ್ಸಿಕೋಲೇಟ್ ಎಷ್ಟು ಬೇಕು ಎನ್ನುವುದೂ ಹಾಗೇ.

ಇನ್ನು ದುಡ್ಡು. ಎರಡು ವರ್ಷಕ್ಕೆ ಒಂದು ಲಕ್ಷದ ಅರವತ್ತು ಸಾವಿರದ ಸುತ್ತಮುತ್ತ ಹೋಯಿತು. ಅದರಲ್ಲಿ ನಲವತ್ತು ನನ್ನ ಸಂಬಳದ್ದು. ಸೆಂಟ್ರಿಫ್ಯೂಜ್ ಕಂಪ್ರೆಸರ್ ಒಂದೇ ಇಪ್ಪತ್ತೆರಡು ಸಾವಿರ ನುಂಗಿತು. ಉಳಿಸಲು ಹೋಗಿ ಕೆಟ್ಟದ್ದೂ ಇದೆ. ಸುಕ್ರೋಸ್ ಬಾಟಲಿ ದುಬಾರಿ ಎಂದು ಅಂಗಡಿ ಸಕ್ಕರೆ ಕರಗಿಸಿದೆ. ಲೀಟರಿಗೆ 110 ಗ್ರಾಂ ತಾನೇ, ಏನಾಗುತ್ತದೆ ಅಂದುಕೊಂಡೆ. ಅದೇ ಪೊರೆಯ ಇನ್ನೊಂದು ಕಿಣ್ವ ಕೋಲಿನೆಸ್ಟರೇಸ್. ಅದನ್ನು ಹಳದಿ ಬಣ್ಣದಿಂದ ಅಳೆಯುವ ಎಲ್‌ಮನ್ ವಿಧಾನದಲ್ಲಿ ಕಿಣ್ವ ಹಾಕದ ಬ್ಲಾಂಕೇ ಹಳದಿ ತಿರುಗಿತು! ನಮ್ಮ ಬಿಳಿ ಸಕ್ಕರೆಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಉಳಿದ ಸಲ್ಫೈಟ್ ಆ ವಿಧಾನದಲ್ಲಿ ಹಾಕುವ ಡಿಟಿಎನ್‌ಬಿ ಎಂಬ ರಾಸಾಯನಿಕದ ಜೊತೆ ಸೇರಿ ಬಣ್ಣ ಕೊಡುತ್ತದೆ. ಉಳಿದದ್ದು ನಾನೂರು ರೂಪಾಯಿ, ಹೋದದ್ದು ಮೂರು ವಾರ.

ಪಂಪಿಗೆ ನಾನು ಬಳಸುವುದು, ಅದು ಎಟಿಪಿ ಒಡೆದಾಗ ಬಿಡುವ ಫಾಸ್ಫೇಟ್ ಅಳೆಯುವ ಹಳೆಯ ನೀಲಿ ಬಣ್ಣ. 1925ರಲ್ಲಿ ಫಿಸ್ಕ್ ಜೊತೆ ನಮ್ಮ ಯೆಲ್ಲಾಪ್ರಗಡ ಸುಬ್ಬರಾವ್ ಕೊಟ್ಟದ್ದು. ನೂರು ವರ್ಷವಾದರೂ ಅದರ ಮೇಲೆ ನನಗೆ ಪ್ರೀತಿ. ಆದರೆ ಸೋಪಿನ ಪುಡಿಯಲ್ಲಿ ತೊಳೆದ ಕೊಳವೆ ಅದಕ್ಕೆ ಆಗದು. ನಾಲ್ಕು ತಿಂಗಳು ಅಂಕಿಗಳು ಕುಣಿದದ್ದು ಪುಡಿಯಲ್ಲಿದ್ದ ಫಾಸ್ಫೇಟ್‌ನಿಂದ. ಈಗ ಆ ಕೊಳವೆಗಳಿಗೆ ಬೇರೆ ಬುಟ್ಟಿ, ಆಮ್ಲದ ತೊಳೆತ, ಯಾರೂ ಮುಟ್ಟುವ ಹಾಗಿಲ್ಲ. ಎಟಿಪಿಯಲ್ಲೂ ಜಿಪುಣತನ ಬೇಡ. ಹಿಂದೆ ಕುದುರೆ ಸ್ನಾಯುವಿನಿಂದ ತೆಗೆದ ಎಟಿಪಿಯಲ್ಲಿ ವನಾಡೇಟ್ ಸೇರಿಕೊಂಡು ಪಂಪನ್ನೇ ಕಟ್ಟಿಹಾಕುತ್ತಿತ್ತು. ಬಾಟಲಿ ಮೇಲೆ ವನಾಡಿಯಂ ಇಲ್ಲ ಎಂದು ಬರೆದದ್ದನ್ನೇ ಕೊಳ್ಳಿ.

ಕರೆಂಟು ಹೋದ ಒಂದು ರಾತ್ರಿ ಫ್ರೀಜರಿನಲ್ಲಿದ್ದ ಹದಿನೆಂಟು ಮಾದರಿ ಕರಗಿ ಮತ್ತೆ ಹೆಪ್ಪುಗಟ್ಟಿದವು. ಮರಿಗಳದ್ದು ಅರ್ಧ ಉಳಿಯಿತು, ಮುದಿಯದ್ದು ಏನೂ ಇಲ್ಲ. ಅವತ್ತು ಊಟ ಸೇರಲಿಲ್ಲ. ಆಮೇಲೆ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ದ್ರವ ಸಾರಜನಕ ಇಟ್ಟುಕೊಳ್ಳುವವರ ಸ್ನೇಹ ಮಾಡಿದೆ. ಸ್ವಲ್ಪ ಗ್ಲಿಸರಾಲ್ ಸೇರಿಸಿ, ಚಿಕ್ಕ ಕೊಳವೆಗಳಲ್ಲಿ ಒಮ್ಮೆಲೇ ಅದ್ದಿ ಇಡುತ್ತೇನೆ. ಒಂದು ಕೊಳವೆ ಒಂದೇ ಸಲ ತೆರೆಯುವುದು.

ಈಗ ಬಂದ ಉತ್ತರ. ಸರಿಯಾಗಿ ಹಿಡಿದರೆ ಮುದಿ ಪೊರೆಯ ಪಂಪು ಮರಿಯದ್ದಕ್ಕಿಂತ ಶೇಕಡ 20ರಷ್ಟು ಮಾತ್ರ ಕಮ್ಮಿ. ಆದರೆ 50 ಡಿಗ್ರಿಯಲ್ಲಿ ಇಟ್ಟು ಐದೈದು ನಿಮಿಷಕ್ಕೆ ತೆಗೆದು ನೋಡಿದರೆ, ಮರಿಯದ್ದು ಅರ್ಧಕ್ಕೆ ಇಳಿಯಲು ಹದಿನೆಂಟು ನಿಮಿಷ, ಮುದಿಯದ್ದು ಹನ್ನೊಂದು. ಆರು ಭಾನುವಾರವೂ ಒಂದೆರಡು ನಿಮಿಷ ಆಚೀಚೆ ಇದೇ. ಅದೇ ಪೊರೆಯ ಕೋಲಿನೆಸ್ಟರೇಸ್‌ನಲ್ಲಿ ವ್ಯತ್ಯಾಸ ಹೆಚ್ಚುಕಮ್ಮಿ ಇಲ್ಲ. ನನಗೆ ಅದು ಸರಿಯೆನಿಸುತ್ತದೆ. ಕೋಲಿನೆಸ್ಟರೇಸ್ ಒಂದು ಗೂಟಕ್ಕೆ ಕಟ್ಟಿದ ಹಾಗೆ ಪೊರೆಯ ಹೊರಗೆ ನಿಂತ ಕಿಣ್ವ. ಪಂಪು ಹತ್ತು ಸಲ ಪೊರೆಯನ್ನು ದಾಟಿ ಕೊಬ್ಬಿನೊಳಗೆ ಹೂತುಕೊಂಡಿದೆ. ಸುತ್ತಲ ಕೊಬ್ಬು ಬದಲಾದರೆ ಪೆಟ್ಟು ಅದಕ್ಕೇ ಅಲ್ವಾ?

ಇದನ್ನು ಹಿಡಿದು ಸೈಕ್ಲೋಡೆಕ್ಸ್‌ಟ್ರಿನ್‌ನಿಂದ ಮುದಿ ಪೊರೆಯ ಕೊಲೆಸ್ಟರಾಲ್ ಎಳೆದು ನೋಡಿದೆ. ಹನ್ನೊಂದು ನಿಮಿಷ ಇದ್ದದ್ದು ಹದಿಮೂರಾಯಿತು. ಇನ್ನೂ ಎಳೆದರೆ ಪಂಪೇ ಸತ್ತಿತು. ಆ ಪುಡಿಯ ಬೆಲೆ ನೋಡಿ ಅಲ್ಲಿಗೇ ನಿಲ್ಲಿಸಿದೆ. ನಮ್ಮಮ್ಮ ಒಂದೆಲಗ ಹಾಕಿ ನೋಡು ಎಂದಳು. ರಸ ಹಾಕಿದ ಕೊಳವೆಯಲ್ಲಿ ಗುಲಾಬಿ ಬಣ್ಣ ಚೆನ್ನಾಗಿಯೇ ಇಳಿಯಿತು, ಪಂಪಿನ ತಾಳಿಕೆ ಮಾತ್ರ ಬದಲಾಗಲಿಲ್ಲ. ಕೊಳವೆಯಲ್ಲಿ ಕಂಡದ್ದನ್ನು ತಲೆಗೆ ಅನ್ವಯಿಸಿ ಯಾರಿಗೂ ಹೇಳಬೇಡ ಎಂದು ಅವಳಿಗೆ ತಾಕೀತು ಮಾಡಿದ್ದೇನೆ.

ನಾಲ್ಕು ಹಲ್ಲು, ಆರು ಹಲ್ಲಿನ ಕುರಿಗಳದ್ದು ಇನ್ನೂ ಮೂರು ಮೂರೇ ಆಗಿವೆ. ತಾಳಿಕೆ ಯಾವ ವಯಸ್ಸಿನಲ್ಲಿ ಇಳಿಯತೊಡಗುತ್ತದೆ ಎಂದು ತಿಳಿಯಲು ಕನಿಷ್ಠ ಎಂಟೆಂಟು ಬೇಕು. ಬರುವ ಭಾನುವಾರ ಆರು ಹಲ್ಲಿನ ಎರಡು ಎತ್ತಿಡುತ್ತೇನೆ ಎಂದು ಅಂಗಡಿಯವರು ಹೇಳಿದ್ದಾರೆ. ಪೆಟ್ಟಿಗೆ ತೊಳೆದಿಟ್ಟಿದ್ದೇನೆ, ಐಸಿಗೂ ಹೇಳಿಯಾಗಿದೆ.