ಕ್ಯಾಥೊಲಿಕ್ ಹೈಸ್ಕೂಲಿನ ನಾಲ್ಕು ವರ್ಷ: ಕ್ರೆಡಿಟ್, ಥಿಯಾಲಜಿ, ಸೇವಾ ಗಂಟೆಗಳನ್ನು ಹೊಂದಿಸಿಕೊಳ್ಳುವುದು ಹೇಗೆ

ಸ್ಯಾನ್ ಹೊಸೆಯ ಬೆಲರ್ಮಿನ್, ಆರ್ಚ್‌ಬಿಷಪ್ ಮಿಟ್ಟಿ, ಮೌಂಟನ್ ವ್ಯೂನ ಸೇಂಟ್ ಫ್ರಾನ್ಸಿಸ್‌ನಂಥ ಕ್ಯಾಥೊಲಿಕ್ ಹೈಸ್ಕೂಲುಗಳಿಗೆ ಮಕ್ಕಳನ್ನು ಸೇರಿಸಬೇಕೆನ್ನುವ ಬೇ ಏರಿಯಾದ ಕನ್ನಡ ಮನೆಗಳಿಗೆ ಈ ಬರಹ. ಪ್ರವೇಶ ಸಿಕ್ಕ ಮೇಲೆ ಬರುವ ಹ್ಯಾಂಡ್‌ಬುಕ್ಕಿನಲ್ಲಿ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರಕ್ಕೆ, ಬೇಕಾದದ್ದೆಲ್ಲ ಒಂದೆರಡು ಪುಟಗಳಲ್ಲಿ ಮುಗಿದಿರುತ್ತದೆ. ಓದಿದರೆ ಸುಲಭ. ತೊಡಕು ಬರುವುದು ಮೂರು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಅಂದುಕೊಂಡಾಗ: ಶಾಲೆಯ ಡಿಪ್ಲೊಮಾ, ಕಾಲೇಜು ಪ್ರವೇಶದ ಅರ್ಹತೆ, ಸೇವಾ ಗಂಟೆ (ಶಾಲೆ ಕಡ್ಡಾಯ ಮಾಡಿರುವ ಸಮಾಜ ಸೇವೆಯ ಸಮಯ). ಒಂದರಲ್ಲಿ ಸಂದದ್ದು ಇನ್ನೊಂದರಲ್ಲಿ ಸಲ್ಲಲೇಬೇಕೆಂದಿಲ್ಲ. ಕೆಳಗಿನ ಸಂಖ್ಯೆಗಳು ಶಾಲೆಯಿಂದ ಶಾಲೆಗೆ ಸ್ವಲ್ಪ ಬದಲಾಗುತ್ತವೆ. ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮೊದಲು ಜಾಗ ಎಣಿಸಿ

ಕ್ಯಾಲಿಫೋರ್ನಿಯಾದ ಬಹಳಷ್ಟು ಶಾಲೆಗಳಲ್ಲಿ ಒಂದು ವಿಷಯಕ್ಕೆ ಸೆಮಿಸ್ಟರಿಗೆ 5, ವರ್ಷಕ್ಕೆ 10 ಕ್ರೆಡಿಟ್. ಬೇರೆ ಕಡೆ ಅದೇ ವರ್ಷದ ಕೋರ್ಸಿಗೆ 1 ಕ್ರೆಡಿಟ್ ಕೊಡುವುದೂ ಉಂಟು. ಇನ್ನೊಂದು ರಾಜ್ಯದ ನೆಂಟರ ಮಗನಿಗೆ 26 ಸಾಕು, ನಮ್ಮವನಿಗೆ 260 ಬೇಕಂತೆ ಎಂದು ಗಾಬರಿಯಾಗಬೇಕಿಲ್ಲ, ಎರಡೂ ಒಂದೇ. ಕ್ರೆಡಿಟ್ ಬದಿಗಿಟ್ಟು ವರ್ಷದ ಕೋರ್ಸುಗಳನ್ನೇ ಎಣಿಸಿ. ವರ್ಷಕ್ಕೆ 7 ವಿಷಯ ತೆಗೆದುಕೊಳ್ಳುವ ಶಾಲೆಯಲ್ಲಿ ನಾಲ್ಕು ವರ್ಷಕ್ಕೆ 28 ಜಾಗ. 6 ಆದರೆ 24.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಕೇಳುವ ಎ-ಜಿ ಪಟ್ಟಿಯಲ್ಲಿ ಕನಿಷ್ಠ 15 ಕೋರ್ಸುಗಳಿವೆ: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷಲ್ಲದ ಭಾಷೆ 2, ಕಲೆ 1, ಐಚ್ಛಿಕ 1. ಗಣಿತ 4, ವಿಜ್ಞಾನ 3, ಭಾಷೆ 3 ಇದ್ದರೆ ಒಳ್ಳೆಯದೆಂದು ಯುಸಿಯೇ ಹೇಳುವುದರಿಂದ 18 ಎಂದೇ ಹಿಡಿಯಿರಿ. ಅದಕ್ಕೆ ಥಿಯಾಲಜಿ (ಕ್ಯಾಥೊಲಿಕ್ ಧರ್ಮದ ಪಾಠ) 4, ದೈಹಿಕ ಶಿಕ್ಷಣ 1 ಸೇರಿದರೆ 23. ಏಳು ವಿಷಯದ ಶಾಲೆಯಲ್ಲಿ 5 ಜಾಗ ಉಳಿಯಿತು. ಆರು ವಿಷಯದ ಶಾಲೆಯಲ್ಲಿ ಉಳಿಯುವುದು ಒಂದೇ. ಇತಿಹಾಸ ಮೂರು ವರ್ಷ ಓದಲೇಬೇಕು ಅನ್ನುವ ಶಾಲೆಯಾದರೆ ಅದೂ ಹೋಯಿತು.

ನಾಲ್ಕೂ ವರ್ಷ ಬ್ಯಾಂಡ್, ಜೊತೆಗೆ ಕಂಪ್ಯೂಟರ್ ಸೈನ್ಸ್, ಜೊತೆಗೆ ಎರಡು ಹೆಚ್ಚುವರಿ ಎಪಿ (ಕಾಲೇಜು ಮಟ್ಟದ) ವಿಜ್ಞಾನ ಎಂದು ಕನಸು ಕಟ್ಟಿದ ಮನೆಗಳು ಹನ್ನೊಂದನೇ ತರಗತಿಯಲ್ಲಿ ಕಂಗಾಲಾಗುವುದು ಇಲ್ಲೇ. ಒಂಬತ್ತಕ್ಕೆ ಕಾಲಿಡುವ ಮುನ್ನವೇ ವರ್ಷಕ್ಕೊಂದರಂತೆ ನಾಲ್ಕು ಕಾಲಂ ಇರುವ ಹಾಳೆ ಗೀಚಿ, ಥಿಯಾಲಜಿಯನ್ನು ಮೊದಲು ತುಂಬಿಸಿ, ಉಳಿದದ್ದನ್ನು ಆಮೇಲೆ ಕೂರಿಸಿ. ದೈಹಿಕ ಶಿಕ್ಷಣ ಅಥವಾ ಕಲೆಯ ಕೋರ್ಸನ್ನು ಬೇಸಿಗೆಯಲ್ಲಿ ಮುಗಿಸಲು ಶಾಲೆ ಬಿಟ್ಟರೆ ಒಂದು ಜಾಗ ಬಿಡುವಾಗುತ್ತದೆ. ಹೊರಗಿನ ಸಂಸ್ಥೆಯಲ್ಲಿ ಓದುವುದಾದರೆ ಕೌನ್ಸೆಲರ್ ಒಪ್ಪಿಗೆ ಬರಹದಲ್ಲಿ, ಶುಲ್ಕ ಕಟ್ಟುವ ಮೊದಲೇ, ಕೈಯಲ್ಲಿರಬೇಕು. ಕೋರ್ಸ್ ಮುಗಿಸಿ ಬಂದು ಕೇಳಿದರೆ ಟ್ರಾನ್ಸ್‌ಕ್ರಿಪ್ಟಿಗೆ (ಶಾಲೆಯ ಅಂಕಪಟ್ಟಿಗೆ) ಸೇರದೇ ಹೋಗಬಹುದು.

ವಾರಾಂತ್ಯದ ಕನ್ನಡ ಶಾಲೆಯ ವಿಷಯವೂ ಹೀಗೆಯೇ. ಭಾಷಾ ಪ್ರಾವೀಣ್ಯವನ್ನು ಪರಿಗಣಿಸಲು ಯುಸಿಯಲ್ಲಿ ದಾರಿಯಿದೆ. ಆದರೆ ನಿಮ್ಮ ಶಾಲೆ ತನ್ನ ಡಿಪ್ಲೊಮಾಕ್ಕೆ ತನ್ನಲ್ಲೇ ಎರಡು ವರ್ಷ ಸ್ಪ್ಯಾನಿಷ್ ಅಥವಾ ಫ್ರೆಂಚ್ ಓದಲೇಬೇಕು ಅನ್ನಬಹುದು. ಕನ್ನಡ ಯಾವ ಲೆಕ್ಕಕ್ಕೆ ಬರುತ್ತದೆ, ಎರಡಕ್ಕೋ ಒಂದಕ್ಕೋ ಎಂದು ನೇರವಾಗಿ ಕೇಳಿ.

ಥಿಯಾಲಜಿ ಬಿಡುವಂತಿಲ್ಲ

ಯಾವ ಧರ್ಮದ ಮಗುವಾದರೂ ಸಾಮಾನ್ಯವಾಗಿ ಶಾಲೆಯಲ್ಲಿರುವ ಪ್ರತಿ ಸೆಮಿಸ್ಟರಿನಲ್ಲೂ ಥಿಯಾಲಜಿ ಓದಬೇಕು. ಬೇರೆ ಶಾಲೆಯಿಂದ ಹತ್ತನೆಯದಕ್ಕೆ ಬಂದವರಿಗೆ ಸಾಮಾನ್ಯವಾಗಿ ಬಂದ ದಿನದಿಂದ ಲೆಕ್ಕ. ಅಮೆರಿಕದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ 2007ರಲ್ಲಿ ಒಪ್ಪಿದ ಪಠ್ಯ ಚೌಕಟ್ಟಿನಲ್ಲಿ ಆರು ಮೂಲ ಕೋರ್ಸುಗಳಿವೆ: ಬೈಬಲ್ಲಿನಲ್ಲಿ ದೈವ ಪ್ರಕಟಣೆ, ಯೇಸು ಯಾರು, ಅವರ ಮರಣ-ಪುನರುತ್ಥಾನ, ಧರ್ಮಸಭೆ (ಚರ್ಚ್), ಸಂಸ್ಕಾರಗಳು, ನೈತಿಕ ಬದುಕು. ಇದರ ಮೇಲೆ ಎರಡು ಐಚ್ಛಿಕ ಸೇರಿದರೆ ಎಂಟು ಸೆಮಿಸ್ಟರ್ ಭರ್ತಿ. ಐಚ್ಛಿಕಗಳಲ್ಲಿ ಸಾಮಾಜಿಕ ಬೋಧನೆ, ಧರ್ಮಸಭೆಯ ಇತಿಹಾಸ, ಇತರ ಧರ್ಮಗಳೊಡನೆ ಸಂವಾದ ಇವೆಲ್ಲ ಬರುತ್ತವೆ. ಹೆಸರು, ಕ್ರಮ ಶಾಲೆಯ ಇಷ್ಟ.

ಅಂಕ ಕೊಡುವುದು ನಂಬಿಕೆಗಲ್ಲ, ತಿಳಿವಳಿಕೆಗೆ. ಹಿಂದೂ ಮನೆಯ ಮಗು ‘ನಾನು ಇದನ್ನು ಒಪ್ಪುವುದಿಲ್ಲ’ ಎಂದು ಬರೆದರೆ ಅಂಕ ಹೋಗುವುದಿಲ್ಲ. ಧರ್ಮಸಭೆ ಏನು ಹೇಳುತ್ತದೆ, ಯಾವ ಆಧಾರದ ಮೇಲೆ ಹೇಳುತ್ತದೆ ಎಂಬುದನ್ನು ಬಿಟ್ಟು ‘ಎಲ್ಲ ಧರ್ಮಗಳೂ ಒಂದೇ’ ಎಂದು ಪುಟ ತುಂಬಿಸಿದರೆ ಖಂಡಿತ ಹೋಗುತ್ತದೆ. ಇದು ಗಣಿತದಷ್ಟೇ ಗಟ್ಟಿ ವಿಷಯ ಎಂದುಕೊಂಡು ಓದುವವರಿಗೆ ತೊಂದರೆಯಿಲ್ಲ.

ಥಿಯಾಲಜಿಯ ಗ್ರೇಡು ಶಾಲೆಯ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಸೇರುತ್ತದೆ. ಯುಸಿ ಲೆಕ್ಕಕ್ಕೆ ಬರಬೇಕಾದರೆ ಆ ಕೋರ್ಸು ಶಾಲೆಯ ಎ-ಜಿ ಪಟ್ಟಿಯಲ್ಲಿರಬೇಕು. ಧರ್ಮವನ್ನು ವಿದ್ವತ್ತಿನ ದೃಷ್ಟಿಯಿಂದ ನೋಡುವ ಕೋರ್ಸುಗಳಿಗೆ ಮಾತ್ರ ಐಚ್ಛಿಕದಡಿ ಆ ಅವಕಾಶ. ಯುಸಿ ಜಿಪಿಎಗೆ ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳಷ್ಟೇ ಬರುತ್ತವೆ. ಹಾಗಾಗಿ ಒಂದೇ ಮಗುವಿಗೆ ಎರಡು ಜಿಪಿಎ ಕಂಡರೆ ಯಾರೂ ತಪ್ಪು ಮಾಡಿಲ್ಲ.

ಡಿ ಗ್ರೇಡಿನ ಬಲೆ

ಡಿ ಬಂದರೂ ಡಿಪ್ಲೊಮಾಕ್ಕೆ ಕ್ರೆಡಿಟ್ ಕೊಡುವ ಶಾಲೆಗಳು ಅನೇಕ. ಎ-ಜಿಗೆ ಸಿ ಬೇಕೇ ಬೇಕು. ಗಣಿತದಲ್ಲೂ ಭಾಷೆಯಲ್ಲೂ ಒಂದು ರಿಯಾಯಿತಿ ಇದೆ: ಮೊದಲ ಸೆಮಿಸ್ಟರಿನಲ್ಲಿ ಡಿ ಬಂದು ಎರಡನೆಯದರಲ್ಲಿ ಸಿ ಅಥವಾ ಮೇಲಿನದು ಬಂದರೆ ಯುಸಿ ಹಿಂದಿನದನ್ನೂ ಮುಗಿದದ್ದಾಗಿ ಎಣಿಸುತ್ತದೆ. ಇಂಗ್ಲಿಷ್, ಇತಿಹಾಸಕ್ಕೆ ಈ ಅನುಕೂಲವಿಲ್ಲ, ಆ ಸೆಮಿಸ್ಟರನ್ನೇ ಮತ್ತೆ ಓದಬೇಕು. ಎಫ್ ಬಂದರೆ ಅದೇ ಬೇಸಿಗೆಯಲ್ಲಿ ತೀರಿಸಿಬಿಡಿ. 15ರಲ್ಲಿ 11 ಕೋರ್ಸುಗಳು ಹನ್ನೆರಡನೇ ತರಗತಿಗೆ ಮುಂಚೆ ಮುಗಿದಿರಬೇಕೆಂಬ ನಿಯಮವೂ ಇರುವುದರಿಂದ ಮುಂದೂಡಿದಷ್ಟೂ ಗಂಟು ಬಿಗಿಯುತ್ತದೆ.

ಸೇವಾ ಗಂಟೆ: ಎಲ್ಲಿ, ಯಾರಿಗೆ

ಹೆಚ್ಚು ಕಾಗದಪತ್ರ, ಹೆಚ್ಚು ಜಗಳ ಇರುವುದು ಇಲ್ಲಿ. ನಾಲ್ಕು ವರ್ಷಕ್ಕೆ 80ರಿಂದ 100 ಗಂಟೆ ಕೇಳುವ ಶಾಲೆಗಳು ಸಾಮಾನ್ಯ. ಕೆಲವು ವರ್ಷಕ್ಕೆ 20 ಎಂದು ಹಂಚುತ್ತವೆ. ಹಂಚಿದ್ದರೆ, ಈ ವರ್ಷ ಹೆಚ್ಚು ಮಾಡಿದ್ದು ಮುಂದಿನ ವರ್ಷಕ್ಕೆ ಜಮೆಯಾಗುತ್ತದೆಯೇ ಎಂದು ಮೊದಲೇ ಕೇಳಿ.

ಸಾರ್ವಜನಿಕ ಶಾಲೆಯಲ್ಲಿ ಉದ್ಯಾನ ಗುಡಿಸಿದರೂ ನಡೆದೀತು. ಇಲ್ಲಿ ಸೇವೆಯ ಬೇರು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿದೆ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ರೋಗಿಗಳ ಭೇಟಿ. ಬೆಲರ್ಮಿನ್ ಥರದ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಶಾಲೆಗಳಲ್ಲಿ ಇದಕ್ಕೆ ಇನ್ನಷ್ಟು ಒತ್ತು. ಜೆಸ್ವಿಟ್ ಶಿಕ್ಷಣ ‘ಇತರರಿಗಾಗಿ ಬದುಕುವವರನ್ನು’ ರೂಪಿಸಬೇಕೆಂದು ಆಗಿನ ಜೆಸ್ವಿಟ್ ಮುಖ್ಯಸ್ಥ ಪೆದ್ರೊ ಅರುಪೆ 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಹೇಳಿದ್ದು ಇಂದಿಗೂ ಅವುಗಳ ಘೋಷವಾಕ್ಯ. ಅದರಿಂದಲೇ ‘ನೇರ ಸೇವೆ’ ಎಂಬ ಷರತ್ತು: ನೆರವು ಪಡೆಯುವವರ ಎದುರು ನಿಂತು, ಮಾತಾಡಿ ಮಾಡುವ ಕೆಲಸ. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯ ನೆರವು ಕೇಂದ್ರದಲ್ಲೋ ಸ್ಯಾನ್ ಹೊಸೆಯ ಮಾರ್ಥಾಸ್ ಕಿಚನ್‌ನಂಥ ಅನ್ನಛತ್ರದಲ್ಲೋ ಬಡಿಸುವುದು, ವೃದ್ಧಾಶ್ರಮದಲ್ಲಿ ಕೂತು ಮಾತಾಡುವುದು, ಮಕ್ಕಳಿಗೆ ಪಾಠ ಹೇಳುವುದು ನಿಸ್ಸಂಶಯವಾಗಿ ಸಲ್ಲುತ್ತವೆ. ಗೋದಾಮಿನಲ್ಲಿ ಡಬ್ಬಿ ವಿಂಗಡಿಸುವುದನ್ನು ಕೆಲವು ಶಾಲೆಗಳು ಒಂದು ಮಿತಿಯವರೆಗಷ್ಟೇ ಒಪ್ಪುತ್ತವೆ.

ಸಾಮಾನ್ಯವಾಗಿ ತಿರಸ್ಕೃತವಾಗುವವು: ಲಾಭದ ಕಂಪನಿಯಲ್ಲಿ ಇಂಟರ್ನ್‌ಶಿಪ್, ಅಜ್ಜಿಯ ಆರೈಕೆ, ಸಂಬಳದ ಕೆಲಸ, ಚುನಾವಣಾ ಪ್ರಚಾರ, ಅಪ್ಪ ಅಮ್ಮನೇ ಸಹಿ ಹಾಕಿದ ಫಾರಂ. ಕನ್ನಡ ಕೂಟದ ಯುಗಾದಿಗೆ ಕುರ್ಚಿ ಹಾಕಿದ್ದು, ದೇವಸ್ಥಾನದಲ್ಲಿ ಪೂಜೆಗೆ ಹೂ ಕಟ್ಟಿದ್ದು ಬಹುಪಾಲು ಸಲ್ಲುವುದಿಲ್ಲ, ಅವು ನಮ್ಮವರಿಗೆ ನಾವೇ ಮಾಡಿಕೊಂಡ ಕೆಲಸ ಎಂಬ ಕಾರಣಕ್ಕೆ. ಅದೇ ದೇವಸ್ಥಾನದವರು ನಿರಾಶ್ರಿತರ ಆಶ್ರಯಕ್ಕೆ ಊಟ ಒಯ್ದಾಗ ಮಗು ಬಡಿಸಿದರೆ ಒಪ್ಪುವ ಸಾಧ್ಯತೆ ಚೆನ್ನಾಗಿದೆ. ಚರ್ಚ್ ಕೆಲಸಕ್ಕೂ ಹೆಚ್ಚುಕಡಿಮೆ ಇದೇ ಅಳತೆ.

ನಾಲ್ಕು ಕಡೆ ನಾಲ್ಕು ಗಂಟೆ ಓಡಾಡುವುದಕ್ಕಿಂತ ಒಂದೇ ಜಾಗ ಹಿಡಿಯುವುದು ಮೇಲು. ಬೇಸಿಗೆಯಲ್ಲಿ 8 ವಾರ, ವಾರಕ್ಕೆ ಎರಡು ದಿನ, ದಿನಕ್ಕೆ 2 ಗಂಟೆ ಎಂದರೆ 32 ಗಂಟೆ. ಇಂಥ ಎರಡು ಬೇಸಿಗೆ, ಮಧ್ಯೆ ಕೆಲವು ಶನಿವಾರ ಸೇರಿದರೆ 80 ಮುಗಿಯಿತು. ಹನ್ನೊಂದರ ಬೇಸಿಗೆಗೇ ಮುಗಿಸಿ; ಹನ್ನೆರಡರ ಶರದೃತು ಕಾಲೇಜು ಅರ್ಜಿಗಳಿಗೇ ಸಾಲದು. ವಯಸ್ಸಿನ ಮಿತಿಯನ್ನೂ ನೋಡಿಕೊಳ್ಳಿ, ಆಸ್ಪತ್ರೆಗಳು 16 ತುಂಬದವರನ್ನು ಸೇರಿಸಿಕೊಳ್ಳದಿರುವುದು ಮಾಮೂಲು, ಟಿಬಿ ಪರೀಕ್ಷೆಯನ್ನೂ ಕೇಳಬಹುದು.

ದಾಖಲೆ ಕೆಡುವುದು ಹೇಗೆ

ಮೊದಲು ಅನುಮತಿ, ಆಮೇಲೆ ಕೆಲಸ, ಕೂಡಲೇ ದಾಖಲೆ. ಎಕ್ಸ್‌ಟುವಾಲ್, ಮೊಬೈಲ್‌ಸರ್ವ್‌ನಂಥ ಆ್ಯಪ್ ಬಳಸುವ ಶಾಲೆಯಲ್ಲಿ ಮೇಲ್ವಿಚಾರಕರ ಇಮೇಲ್‌ಗೆ ದೃಢೀಕರಣ ಹೋಗುತ್ತದೆ. ಅವರು ಕೆಲಸ ಬಿಟ್ಟುಹೋದ ಮೇಲೆ ನಮೂದಿಸಿದರೆ ಉತ್ತರ ಬರುವುದೇ ಇಲ್ಲ. ಪ್ರಯಾಣದ ಸಮಯ, ಊಟದ ವಿರಾಮ ಎಣಿಸಬೇಡಿ. ಅದೇ ಗಂಟೆಗಳನ್ನು ನ್ಯಾಷನಲ್ ಆನರ್ ಸೊಸೈಟಿಗೂ (ಪ್ರತಿಭಾವಂತ ವಿದ್ಯಾರ್ಥಿಗಳ ಸಂಘಕ್ಕೂ) ತೋರಿಸಬಹುದೇ ಎಂದು ವಿಚಾರಿಸಿ. ಎರಡು ಕಡೆ ಎಣಿಸಲು ಬಿಡದ ಶಾಲೆಗಳಿವೆ.

ಬೇಸಿಗೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸೇವೆ ಮಾಡುವುದಾದರೆ ವಿಮಾನ ಹತ್ತುವ ಮೊದಲೇ ಒಪ್ಪಿಗೆ ಪಡೆಯಿರಿ. ನೋಂದಾಯಿತ ಸಂಸ್ಥೆಯಾಗಿರಲಿ, ಮೇಲ್ವಿಚಾರಕರು ನೆಂಟರಾಗಿರಬಾರದು. ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷ್ ಪತ್ರ, ಸಹಿ, ಮೊಹರು, ಸಂಸ್ಥೆಯ ಇಮೇಲ್ ಬೇಕು. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಸಿ. 07/08 ಎಂದರೆ ಭಾರತದಲ್ಲಿ ಆಗಸ್ಟ್ 7, ಅಮೆರಿಕದಲ್ಲಿ ಜುಲೈ 8, ರಜೆಯ ದಿನಾಂಕಕ್ಕೆ ಹೊಂದದೆ ಫಾರಂ ವಾಪಸು ಬಂದೀತು.

ಗಂಟೆಯ ಜೊತೆ ಒಂದು ಚಿಂತನಾ ಬರಹವೂ ಇರುತ್ತದೆ. ‘200 ತಟ್ಟೆ ಬಡಿಸಿದೆ, ಖುಷಿಯಾಯಿತು’ ಸಾಲದು. ಯಾರನ್ನು ಕಂಡೆ, ಅವರಿಗೆ ಈ ಸ್ಥಿತಿ ಯಾಕೆ ಬಂತು, ಕ್ಯಾಥೊಲಿಕ್ ಸಾಮಾಜಿಕ ಬೋಧನೆಯ ಏಳು ವಿಷಯಗಳಲ್ಲಿ, ಉದಾಹರಣೆಗೆ ಮನುಷ್ಯನ ಘನತೆ, ಬಡವರಿಗೆ ಆದ್ಯತೆ, ಕಾರ್ಮಿಕರ ಹಕ್ಕು, ಯಾವುದು ಇಲ್ಲಿ ಕಾಣುತ್ತದೆ ಎಂಬುದನ್ನು ಬರೆಯಬೇಕು.

ಬಲಿಪೂಜೆ, ರಿಟ್ರೀಟ್, ಪೋಷಕರ ಪಾಲು

ಶಾಲೆಯ ಬಲಿಪೂಜೆಗೆ, ಅಂದರೆ ಮಾಸ್ ಎಂಬ ಕ್ಯಾಥೊಲಿಕ್ ಆರಾಧನೆಗೆ, ಹಾಜರಿ ಎಲ್ಲರಿಗೂ ಕಡ್ಡಾಯ. ಅಲ್ಲಿ ಕೊಡುವ ಪರಮಪ್ರಸಾದ (ಕಮ್ಯೂನಿಯನ್) ಕ್ಯಾಥೊಲಿಕರಿಗೆ ಮಾತ್ರ. ಉಳಿದವರು ಕೂತಿರಬಹುದು, ಇಲ್ಲವೇ ಎದೆಯ ಮೇಲೆ ಕೈ ಅಡ್ಡಕಟ್ಟಿ ಹೋಗಿ ಆಶೀರ್ವಾದ ಪಡೆಯಬಹುದು. ವರ್ಷಕ್ಕೊಂದು ರಿಟ್ರೀಟ್ (ಧ್ಯಾನ, ಚಿಂತನೆಯ ಶಿಬಿರ) ಇರುತ್ತದೆ. ಹಿರಿಯ ತರಗತಿಗಳ ಕೈರೋಸ್ ರಿಟ್ರೀಟ್ ಸಾಮಾನ್ಯವಾಗಿ ನಾಲ್ಕು ದಿನ, ಫೋನ್ ಇಲ್ಲ. ಸಸ್ಯಾಹಾರಿಯಾದರೆ ಊಟದ ಫಾರಂ ಮೊದಲೇ ತುಂಬಿ.

ಪೋಷಕರಿಗೂ ಸ್ವಯಂಸೇವೆಯ ಗಂಟೆ ನಿಗದಿ ಮಾಡಿ, ಮಾಡದಿದ್ದರೆ ಹಣ ಕಟ್ಟಿಸಿಕೊಳ್ಳುವ ಶಾಲೆಗಳಿವೆ. ಮಕ್ಕಳ ಜೊತೆ ಕೆಲಸ ಮಾಡಲು ಲೈವ್ ಸ್ಕ್ಯಾನ್ (ಹಿನ್ನೆಲೆ ತಪಾಸಣೆಯ) ಬೆರಳಚ್ಚು ಮತ್ತು ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತ ವಲಯದ) ಮಕ್ಕಳ ಸುರಕ್ಷತಾ ತರಬೇತಿ ಆಗಿರಬೇಕು. ವರದಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಆಗಸ್ಟಿನಲ್ಲಿ ಶಾಲೆ ತೆರೆಯುವ ಮೊದಲೇ ಬೆರಳಚ್ಚು ಕೊಟ್ಟು ಬನ್ನಿ.