ಅಪ್‌ಗ್ರೇಡ್ ಆಟ ಬುಕಿಂಗ್ ದಿನವೇ ಶುರು

ಸೂಟು ಬೂಟು ಹಾಕಿಕೊಂಡು ಹೋಗಿ, ಕೌಂಟರಿನಲ್ಲಿ ನಕ್ಕು ಮಾತಾಡಿಸಿದರೆ ಫಸ್ಟ್ ಕ್ಲಾಸ್ ಕೊಡುತ್ತಾರೆ ಅಂತ ಊರಿನ ಗೆಳೆಯರು ಇನ್ನೂ ನಂಬಿದ್ದಾರೆ. ಅಮೆರಿಕದೊಳಗೆ ಕೆಲಸಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದೇನೆ. ಬಟ್ಟೆಗೂ ಸೀಟಿಗೂ ಸಂಬಂಧವೇ ಇಲ್ಲ. ಅಲ್ಲಿರುವುದು ಒಂದು ಕ್ಯೂ, ಅಷ್ಟೇ.

ನಾನಿರುವುದು ಶಿಕಾಗೋದಲ್ಲಿ, ಹಾಗಾಗಿ ಜಾಸ್ತಿ ಹತ್ತುವುದು ಯುನೈಟೆಡ್ ಏರ್‌ಲೈನ್ಸ್. ಅಲ್ಲಿ ಪದೇ ಪದೇ ಹಾರುವ ಸದಸ್ಯರಿಗೆ ಸಿಲ್ವರ್, ಗೋಲ್ಡ್, ಪ್ಲಾಟಿನಂ, 1ಕೆ ಅಂತ ನಾಲ್ಕು ಮೆಟ್ಟಿಲು. ಅದರ ಮೇಲಿನ ಗ್ಲೋಬಲ್ ಸರ್ವೀಸಸ್‌ಗೆ ಅವರೇ ಕರೆಯಬೇಕು. ಎಕಾನಮಿ ಟಿಕೆಟಿಗೆ ಫಸ್ಟ್ ಕ್ಲಾಸ್ ಸೀಟು ಕೊಡುವ ಪುಕ್ಕಟೆ ಅಪ್‌ಗ್ರೇಡಿನ ಬಾಗಿಲು 1ಕೆಯವರಿಗೆ ಹೊರಡುವ 96 ಗಂಟೆ ಮೊದಲೇ ತೆರೆಯುತ್ತದೆ. ಪ್ಲಾಟಿನಂಗೆ 72, ಗೋಲ್ಡ್‌ಗೆ 48 ಗಂಟೆ. ಸಿಲ್ವರ್‌ನವರಿಗೆ ಹೊರಡುವ ದಿನ. ಒಂದೇ ಮೆಟ್ಟಿಲಲ್ಲಿ ಇರುವವರ ನಡುವೆ ಜಾಸ್ತಿ ದರದ ಟಿಕೆಟ್ ಕೊಂಡವರು ಮುಂದೆ. ತೀರಾ ಅಗ್ಗದ ಬೇಸಿಕ್ ಎಕಾನಮಿ ಟಿಕೆಟ್ ಕೊಂಡರೆ ಕ್ಯೂನಲ್ಲಿ ಜಾಗವೇ ಇಲ್ಲ.

ಹಾಗಾಗಿ ನನ್ನ ಲೆಕ್ಕಾಚಾರ ಬುಕ್ ಮಾಡುವಾಗಲೇ ಶುರು. ಸೋಮವಾರ ಬೆಳಿಗ್ಗೆ, ಗುರುವಾರ ಸಂಜೆ ಶಿಕಾಗೋದ ಓಹೇರ್ ನಿಲ್ದಾಣದಿಂದ ಹೊರಡುವ ವಿಮಾನದಲ್ಲಿ ಸುತ್ತ ನೋಡಿ. ಎಲ್ಲರ ಕೈಯಲ್ಲೂ ಲ್ಯಾಪ್‌ಟಾಪ್ ಬ್ಯಾಗ್, ಎಲ್ಲರೂ 1ಕೆ! ಅಲ್ಲಿ ನಿಮ್ಮ ಸದಸ್ಯತ್ವದ ಕಾರ್ಡಿಗೆ ಬೆಲೆ ಇಲ್ಲ. ಮಂಗಳವಾರ ಮಧ್ಯಾಹ್ನಕ್ಕೋ ಶನಿವಾರಕ್ಕೋ ಹೋದರೆ ಅದೇ ಕಾರ್ಡು ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಲೈಂಟ್ ಒಪ್ಪಿದರೆ ನಾನು ಮೀಟಿಂಗನ್ನೇ ಬುಧವಾರಕ್ಕೆ ಹಾಕಿಸುತ್ತಿದ್ದೆ.

ಆಮೇಲೆ ವಿಮಾನ ಯಾವುದು ಅಂತ ನೋಡುತ್ತೇನೆ. ಚಿಕ್ಕ ಜೆಟ್ ಅಂದರೆ ಜನ ಮೂಗು ಮುರಿಯುತ್ತಾರೆ. ಆದರೆ ಎಂಬ್ರೇಯರ್ 175ರಲ್ಲಿ 76 ಸೀಟಿಗೆ 12 ಫಸ್ಟ್ ಕ್ಲಾಸ್. ಸಿಆರ್‌ಜೆ-550ರಲ್ಲಿ 50ಕ್ಕೆ 10. ದೊಡ್ಡ ಏರ್‌ಬಸ್ 319ರಲ್ಲೂ ಇರುವುದು 12 ಮಾತ್ರ, ಪೈಪೋಟಿಗೆ ಮಾತ್ರ 126 ಸೀಟಿನ ಜನ. ಸಿಆರ್‌ಜೆ-200 ಬಂದರೆ ಆಸೆ ಬಿಡಿ, ಅದರಲ್ಲಿ ಫಸ್ಟ್ ಕ್ಲಾಸೇ ಇಲ್ಲ.

ಆ್ಯಪಿನಲ್ಲಿ ಮುಂದಿನ ಸಾಲುಗಳು ಖಾಲಿ ಕಂಡರೂ ಅಪ್‌ಗ್ರೇಡ್ ಬರದಿದ್ದರೆ ಗಾಬರಿಯಾಗಬೇಡಿ. ಆ ಸೀಟುಗಳನ್ನು ಮಾರಾಟಕ್ಕೆ ಇಟ್ಟುಕೊಂಡಿರುತ್ತಾರೆ. ಚೆಕ್-ಇನ್ ಹೊತ್ತಿಗೆ ಯಾರಿಗೆ ಬೇಕಾದರೂ ಇಷ್ಟು ಡಾಲರ್ ಕೊಡಿ, ಮುಂದೆ ಬನ್ನಿ ಅಂತ ಕರೆಯುತ್ತಾರೆ. ಹಿಂದೆ ಸದಸ್ಯರಿಗೆ ಹಂಚುತ್ತಿದ್ದ ಸೀಟು ಈಗ ದುಡ್ಡಿಗೆ ಹೋಗುತ್ತದೆ. ವ್ಯಾಪಾರ ಅಲ್ವಾ, ಬೈದು ಪ್ರಯೋಜನವಿಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣವಾದರೆ, ಬೆಲೆ ಕಡಿಮೆ ಇದ್ದರೆ ನಾನೂ ಕೊಂಡುಬಿಡುತ್ತೇನೆ.

ಕೊನೆಯ ಆಟ ಗೇಟಿನ ಹತ್ತಿರ. ಚೆಕ್-ಇನ್ ಆದವರ ಪಟ್ಟಿ ಆ್ಯಪಿನಲ್ಲಿ ಕಾಣುತ್ತದೆ, ಮನೆ ಹೆಸರಿನ ಮೂರಕ್ಷರ ಮತ್ತು ಒಂದು ಇನಿಶಿಯಲ್‌ನೊಂದಿಗೆ. ಸಂಪರ್ಕ ವಿಮಾನ ತಡವಾಗಿ ಯಾರೋ ಬರದಿದ್ದರೆ ಆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಆ ಹೊತ್ತಿನಲ್ಲಿ ಗೇಟಿನ ಹತ್ತಿರವೇ ಇರಬೇಕು. ಗೇಟ್ ಏಜೆಂಟನ್ನು ಮಾತ್ರ ಸುಮ್ನೆ ಪೀಡಿಸಬೇಡಿ. ಅವರ ಪರದೆಯ ಮೇಲೂ ಅದೇ ಪಟ್ಟಿ ಇರುತ್ತದೆ.

"ಬೆಂಗಳೂರಿಗೆ ಹೋಗುವಾಗಲೂ ಹೀಗೇ ಸಿಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಅಟ್ಲಾಂಟಿಕ್ ದಾಟುವ ವಿಮಾನಕ್ಕೆ ಈ ಪುಕ್ಕಟೆ ಅಪ್‌ಗ್ರೇಡ್ ಅನ್ವಯಿಸುವುದಿಲ್ಲ. ಅಲ್ಲಿಗೆ ಅಪ್‌ಗ್ರೇಡಿಗೆಂದೇ ಯುನೈಟೆಡ್ ಕೊಡುವ ಪ್ಲಸ್‌ಪಾಯಿಂಟ್ಸ್ ಬೇಕು. ಅದು ಪ್ಲಾಟಿನಂ ಮತ್ತು 1ಕೆ ತಲುಪಿದವರಿಗೆ ಸಿಗುವಂಥದ್ದು. ಫ್ರಾಂಕ್‌ಫರ್ಟ್‌ನಲ್ಲಿ ಯುನೈಟೆಡ್‌ನ ಜೊತೆಗಾರ ಕಂಪನಿ ಲುಫ್ತಾನ್ಸಾ ಹತ್ತುವಾಗ ಗೋಲ್ಡ್ ಕಾರ್ಡಿಗೆ ಲೌಂಜು, ಬೇಗ ಬರುವ ಲಗೇಜು ಸಿಗುತ್ತದೆ, ಪುಕ್ಕಟೆ ಬಿಸಿನೆಸ್ ಕ್ಲಾಸ್ ಸಿಗುವುದಿಲ್ಲ.

1ಕೆ ಆಗಲು 2025ರಲ್ಲಿ 60 ಹಾರಾಟದ ಜೊತೆ 22,000 ಪಾಯಿಂಟ್, ಇಲ್ಲವೇ ಬರೀ 28,000 ಪಾಯಿಂಟ್ ಬೇಕಿತ್ತು. ಟಿಕೆಟಿಗೆ ಕೊಟ್ಟ ಸುಮಾರು ಒಂದು ಡಾಲರಿಗೆ ಒಂದು ಪಾಯಿಂಟ್. ಆಫೀಸಿನವರು ಟಿಕೆಟ್ ಕೊಡಿಸುತ್ತಿದ್ದರೆ ಸರಿ. ಸ್ವಂತ ದುಡ್ಡು ಸುರಿದು ಇದರ ಹಿಂದೆ ಬೀಳುವುದು ನನ್ನ ಪ್ರಕಾರ ಹುಚ್ಚು.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಫಸ್ಟ್ ಕ್ಲಾಸ್ ಊಟವನ್ನು ಹಿಂದಿನ ದಿನವೇ ಆ್ಯಪಿನಲ್ಲಿ ಆರಿಸಬೇಕು. ಗೇಟಿನಲ್ಲಿ ಅಪ್‌ಗ್ರೇಡ್ ಆದವರಿಗೆ ಉಳಿದದ್ದೇ ಗತಿ, ಅದು ಹೆಚ್ಚಾಗಿ ಕೋಳಿಯೇ ಆಗಿರುತ್ತದೆ. ಚಪಾತಿ ಪಲ್ಯದ ಡಬ್ಬಿ ಬ್ಯಾಗಿನಲ್ಲಿ ಇರಲಿ. ಫಸ್ಟ್ ಕ್ಲಾಸಿನಲ್ಲಿ ಕೂತು ತಿಂದರೂ ಯಾರೂ ಬೇಡ ಅನ್ನುವುದಿಲ್ಲ.