ಕಲಬುರಗಿಯ ರಸ್ತೆಗೆ ಸೈಕಲ್ ಹದ ಮಾಡಿದ್ದು

ಊರೊಳಗಿಂದ ಸೇಡಂ ರಸ್ತೆ ಹಿಡಿದು ವಿಶ್ವವಿದ್ಯಾಲಯದ ಕಡೆಗೆ ನನ್ನ ದಿನದ ದಾರಿ, ಒಂದು ಬದಿಗೆ 11 ಕಿ.ಮೀ. ಗಂಟೆಗೆ 20 ಕಿ.ಮೀ. ವೇಗದಲ್ಲಿ 33 ನಿಮಿಷ. ನೆಲ ಹೆಚ್ಚುಕಡಿಮೆ ಸಪಾಟು. ಇಂಥ ದಾರಿಯಲ್ಲಿ ಸೈಕಲ್ 2 ಕಿಲೋ ಹಗುರವಾದರೂ ಅರ್ಧ ನಿಮಿಷ ಉಳಿಯುವುದಿಲ್ಲ. ಅದೇ ಒಂದು ಜಾಲಿಮುಳ್ಳು ಚುಚ್ಚಿದರೆ 20 ನಿಮಿಷ ಹೋಯಿತು, ಕೈಯೂ ಕರಿ. ಹಾಗಾಗಿ ದುಡ್ಡು, ಹೊತ್ತು ಎರಡನ್ನೂ ತೂಕ ಇಳಿಸುವುದಕ್ಕೆ ಹಾಕದೆ, ನಿಲ್ಲದೆ ಹೋಗಿ ಮುಟ್ಟುವುದಕ್ಕೆ ಹಾಕಿದೆ. ಸೈಕಲ್ ಸಾಧಾರಣ ಹೈಬ್ರಿಡ್ (ಡಾಂಬರಿಗೂ ಒರಟು ದಾರಿಗೂ ಆಗುವಂಥದ್ದು): ಮುಂದೆ 48, 38, 28 ಹಲ್ಲಿನ ಮೂರು ಚಕ್ರ, ಹಿಂದೆ 11ರಿಂದ 32 ಹಲ್ಲಿನವರೆಗಿನ 8 ಗೇರ್. ಮಾಡಿದ ಬದಲಾವಣೆಗಳೆಲ್ಲ ಟೈರು, ಚೈನು, ನೀರು, ಬಟ್ಟೆಗಳಲ್ಲಿ.

ಮೊದಲು ಮುಳ್ಳು. ನಮ್ಮ ಕಡೆ ಎರಡು ಜಾತಿ ಇವೆ, ಎರಡಕ್ಕೂ ಮದ್ದು ಬೇರೆ. ನೆಗ್ಗಿಲಮುಳ್ಳು ನೆಲಕ್ಕೆ ಹಬ್ಬುವ ಬಳ್ಳಿಯ ಕಾಯಿ. ಮಳೆಗಾಲ ಮುಗಿದು ಬಳ್ಳಿ ಒಣಗಿದ ಮೇಲೆ ರಸ್ತೆ ಅಂಚಿನ ಮಣ್ಣಲ್ಲಿ ಹರಡಿಕೊಂಡಿರುತ್ತದೆ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಮುಳ್ಳು ಗಿಡ್ಡ, ತೂತು ಸಣ್ಣದು. ಬಳ್ಳಾರಿ ಜಾಲಿಯದು ಹಾಗಲ್ಲ. ಅದರ ಮುಳ್ಳು ಉದ್ದ, ಗಟ್ಟಿ; ಟೈರು ದಾಟಿ, ಟ್ಯೂಬಿನ ಹೊರಮೈ ತೂರಿ, ರಿಮ್ ಕಡೆಯ ಒಳಮೈಯನ್ನೂ ಚುಚ್ಚುತ್ತದೆ. ಹೊಲದ ಬೇಲಿಗೆಂದು ಜಾಲಿಕಂಟಿಯನ್ನು ಟ್ರ್ಯಾಕ್ಟರಿನಲ್ಲಿ ಎಳೆದೊಯ್ದ ದಿನ, ರಸ್ತೆಬದಿಯ ಪೊದೆ ಕಡಿದ ವಾರ, ಡಾಂಬರಿನ ಅಂಚೆಲ್ಲ ಮುಳ್ಳೇ. ಆಗ ಬಿಳಿಗೆರೆಯಿಂದ ಒಂದು ಮೀಟರ್ ಒಳಗೆ ತುಳಿಯುವುದೇ ಸರಿ. ಅಂಚಿಗೆ ಒತ್ತಿಕೊಂಡು ಹೋಗುವುದು ಕ್ಷೇಮ ಅನ್ನಿಸುತ್ತದೆ, ಆದರೆ ಮುಳ್ಳು, ಗಾಜು, ಕಡಿ ಎಲ್ಲ ಲಾರಿಗಳ ಗಾಳಿಗೆ ಸರಿದು ಬಂದು ನಿಲ್ಲುವುದು ಅಲ್ಲೇ.

ಟೈರು 700×32, ಅಂದರೆ 32 ಮಿ.ಮೀ. ಅಗಲದ್ದು, ನಡುವೆ ಪಂಕ್ಚರ್ ತಡೆಯುವ ಪದರ ಇರುವಂಥದ್ದು. ಒಳಗೆ ಟ್ಯೂಬೇ, ಟ್ಯೂಬ್‌ಲೆಸ್‌ಗೆ ಹೋಗಲಿಲ್ಲ, ದಾರಿಯಲ್ಲಿ ಟೈರು ಸೀಳಿದರೆ ಅದನ್ನು ಮತ್ತೆ ರಿಮ್ಮಿಗೆ ಕೂರಿಸುವ ಸೌಕರ್ಯ ಊರಾಚೆ ಸಿಗುವುದಿಲ್ಲ. ವಾಲ್ವಿನ ಒಳತಿರುಳು ಬಿಚ್ಚಲು ಬರುವ ಟ್ಯೂಬ್ ಆರಿಸಿ, ಒಂದೊಂದಕ್ಕೆ 60 ಮಿ.ಲೀ. ಸೀಲಂಟ್ (ತೂತು ಬಿದ್ದಲ್ಲಿ ತಾನೇ ಗಟ್ಟಿಯಾಗಿ ಮುಚ್ಚುವ ದ್ರವ) ಹಾಕಿದೆ. ನೆಗ್ಗಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ: ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಗಾಳಿ ಹೊಡೆದು ಹೊರಡಬಹುದು. ಜಾಲಿ ಒಳಮೈಗೆ ಮಾಡಿದ ತೂತನ್ನು ಮಾತ್ರ ಇದು ಮುಚ್ಚದು. ಗಾಲಿ ತಿರುಗುವಾಗ ದ್ರವವೆಲ್ಲ ಹೊರಮೈಗೆ ಎರಚಿ ಅಂಟಿಕೊಳ್ಳುತ್ತದೆ, ರಿಮ್ ಕಡೆಗೆ ಬರುವುದೇ ಇಲ್ಲ. ಹಾಗಾಗಿ ಸೀಲಂಟ್ ಇದ್ದರೂ ಒಂದು ಬಿಡಿ ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚು, ಸಣ್ಣ ಪಂಪು ಚೀಲದಲ್ಲಿ ಇರಲೇಬೇಕು. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ. ಡಬ್ಬಿಯ ಮೇಲೆ ಆರು ತಿಂಗಳು ಅಂದಿದ್ದರೂ ಮಾರ್ಚಿಯಿಂದ ಮೇವರೆಗೆ ಮೂರು ತಿಂಗಳಿಗೇ ಮತ್ತೆ 30 ಮಿ.ಲೀ. ಸೇರಿಸುತ್ತೇನೆ. ಗಾಳಿ ಹೊಡೆಯುವಾಗ ವಾಲ್ವ್ ಮೇಲೆ ಇರಲಿ. ಕೆಳಗಿದ್ದರೆ ದ್ರವ ಒಳತಿರುಳಿಗೆ ನುಗ್ಗಿ ಗಟ್ಟಿಯಾಗುತ್ತದೆ, ಆಮೇಲೆ ಗಾಳಿ ಒಳಗೂ ಹೋಗದು, ಹೊರಗೂ ಬಾರದು. ಟೈರಿನೊಳಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯನ್ನೂ ಬಳಸಿ ನೋಡಿದ್ದೇನೆ. ಮುಳ್ಳು ತಡೆಯುತ್ತದೆ ನಿಜ, ಆದರೆ ಪಟ್ಟಿಯ ಎರಡು ತುದಿ ಸೇರುವ ಕಡೆ ಅಂಚು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಹಾಕಲೇಬೇಕೆಂದರೆ ತುದಿಗಳನ್ನು ಉಸುಕು ಕಾಗದದಲ್ಲಿ ತೆಳ್ಳಗೆ ಮಾಡಿ, ಹಳೆ ಟ್ಯೂಬಿನ ತುಂಡು ಸುತ್ತಿ ಹಾಕಿ.

ಪಂಕ್ಚರ್ ತೆಗೆದ ಮೇಲೂ ಎರಡನೇ ದಿನ ಗಾಳಿ ಇಳಿದರೆ ತಪ್ಪು ಬಹುಪಾಲು ಪ್ಯಾಚಿನದಲ್ಲ. ಮುಳ್ಳಿನ ಮೊನೆ ಮುರಿದು ಟೈರಿನೊಳಗೇ ಉಳಿದಿರುತ್ತದೆ. ಬೆರಳಿಗೆ ಅದು ಸಿಗುವುದಿಲ್ಲ. ಸಿಕ್ಕರೆ ಬೆರಳಿಗೇ ಚುಚ್ಚುತ್ತದೆ. ಒಂದು ಚಿಟಿಕೆ ಅರಳೆ ತಗೊಂಡು ಟೈರಿನ ಒಳಮೈಗುಂಟ ಸವರಿ, ಮೊನೆ ಇದ್ದಲ್ಲಿ ಅರಳೆಯ ಎಳೆ ಸಿಕ್ಕಿಕೊಳ್ಳುತ್ತದೆ. ಟೈರು ಹಾಕುವಾಗಲೇ ಅದರ ಹೆಸರಿನ ಅಚ್ಚು ವಾಲ್ವಿನ ಎದುರಿಗೆ ಬರುವಂತೆ ಕೂರಿಸಿದರೆ ಇನ್ನೂ ಸುಲಭ: ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರ ಇದೆಯೋ, ಟೈರಿನಲ್ಲೂ ಅಚ್ಚಿನಿಂದ ಅಷ್ಟೇ ದೂರ ಹುಡುಕಿದರಾಯಿತು. ಪ್ಯಾಚಿಗೆ ಸೊಲ್ಯೂಷನ್ ಹಚ್ಚಿ ಹಸಿ ಇರುವಾಗಲೇ ಒತ್ತುವವರು ಭಾಳ ಮಂದಿ. ನಾಲ್ಕೈದು ನಿಮಿಷ ಬಿಟ್ಟು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಹಸಿಯಾಗಿ ಒತ್ತಿದ್ದು ಮಧ್ಯಾಹ್ನದ ಕಾವಿಗೆ ಜಾರುತ್ತದೆ. ತೆಳ್ಳನೆ ಸೂಜಿ ವಾಲ್ವ್ (ಪ್ರೆಸ್ಟಾ) ಇರುವವರು ಹಿತ್ತಾಳೆಯ ಅಡಾಪ್ಟರ್ ಒಂದನ್ನು ಕೀಲಿಗೊಂಚಲಿಗೆ ಹಾಕಿಕೊಂಡಿರಿ, ಊರೊಳಗಿನ ಅಂಗಡಿಗಳ ಪೈಪೆಲ್ಲ ಬೈಕು-ಕಾರಿನ ವಾಲ್ವಿಗೇ.

ಗಾಳಿ ಎಷ್ಟು? ಮೈತೂಕ 70 ಕಿಲೋ, ಸೈಕಲ್–ಚೀಲ ಸೇರಿ 16. ಇದಕ್ಕೆ 32ರ ಟೈರಿಗೆ ಮುಂದೆ 55, ಹಿಂದೆ 65 ಪಿಎಸ್‌ಐ ಇಡುತ್ತೇನೆ. ಟೈರಿನ ಮೇಲೆ ಗರಿಷ್ಠ 85 ಎಂದಿದೆ, ಅಷ್ಟು ತುಂಬಿಸುವುದರಲ್ಲಿ ಲಾಭವಿಲ್ಲ. ತೇಪೆ ಹಚ್ಚಿದ ಡಾಂಬರಿನಲ್ಲಿ ಗಟ್ಟಿ ಟೈರು ಕುಪ್ಪಳಿಸುತ್ತದೆ, ಕುಪ್ಪಳಿಸಿದಷ್ಟೂ ತುಳಿದ ಬಲ ವ್ಯರ್ಥ. ಬೇಸಿಗೆಯಲ್ಲಿ ಇನ್ನೊಂದು ಲೆಕ್ಕವಿದೆ. ಬೆಳಗ್ಗೆ 25 ಡಿಗ್ರಿಯಲ್ಲಿ 65 ಇದ್ದ ಟೈರು ಬಿಸಿಲಲ್ಲಿ ನಿಂತು 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 74ರ ಹತ್ತಿರ ಹೋಗುತ್ತದೆ. ಬೆಳಗ್ಗೆಯೇ 85 ತುಂಬಿಸಿದ್ದರೆ 97ರ ಹತ್ತಿರ. ಹೊಸ ಟೈರು ತಡೆದೀತು, ಹಳೆ ಪ್ಯಾಚು ತಡೆಯುವುದಿಲ್ಲ. ಮಧ್ಯಾಹ್ನ ಹಿಚುಕಿ ನೋಡಿ, ಗಟ್ಟಿಯಾಗಿದೆ ಅಂತ ಗಾಳಿ ಬಿಡಬೇಡಿ. ಮರುದಿನ ಬೆಳಗ್ಗೆ ಕಡಿಮೆಯಾಗಿ, ಗುಂಡಿಗೆ ಇಳಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕು ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ಒತ್ತಡ ನೋಡುವುದು ಯಾವಾಗಲೂ ಬೆಳಗ್ಗೆ, ತಣ್ಣಗಿದ್ದಾಗ.

ಚೈನಿಗೆ ಸೇಡಂ ರಸ್ತೆಯಲ್ಲಿ ಎಣ್ಣೆ ಆಗದು. ಸಿಮೆಂಟ್ ಲಾರಿಗಳ ಓಡಾಟ, ಸುಣ್ಣಕಲ್ಲಿನ ಬಿಳಿ ಧೂಳು, ಜೊತೆಗೆ ಎರೆಮಣ್ಣಿನ ಪುಡಿ. ಎಣ್ಣೆ ಹಚ್ಚಿದ ಚೈನು ಎರಡೇ ದಿನಕ್ಕೆ ಇದನ್ನೆಲ್ಲ ಹಿಡಿದು ಸಾಣೆಯ ಮುದ್ದೆಯಾಗುತ್ತದೆ, ಪಿನ್ನು ಸವೆಯುತ್ತದೆ. ಮೇಣಕ್ಕೆ ಬದಲಾಯಿಸಿದ್ದು ನಾನು ಮಾಡಿದ ಕೆಲಸಗಳಲ್ಲೇ ಹೆಚ್ಚು ಫಲ ಕೊಟ್ಟದ್ದು. ಮಾಡುವ ಬಗೆ ಹೀಗೆ. ಹೊಸ ಚೈನಿಗಿರುವ ಕಂಪನಿಯ ಗ್ರೀಸ್ ಪೂರ್ತಿ ಹೋಗಬೇಕು: ಮುಚ್ಚಳದ ಬಾಟಲಿಯಲ್ಲಿ ಟರ್ಪೆಂಟೈನ್ ಹಾಕಿ ಕುಲುಕಿ, ದ್ರವ ತಿಳಿಯಾಗಿ ಬರುವತನಕ ಮೂರ್ನಾಲ್ಕು ಸಲ ಬದಲಾಯಿಸಿ, ಕೊನೆಗೊಮ್ಮೆ ಸ್ಪಿರಿಟ್ಟಿನಲ್ಲಿ ಕುಲುಕಿ ಒಣಗಿಸಿ. ಈ ಕೆಲಸ ಒಲೆಯಿಂದ ದೂರ, ಬಯಲಿನಲ್ಲಿ. ಗ್ರೀಸ್ ಉಳಿದರೆ ಮೇಣ ಹಿಡಿಯುವುದಿಲ್ಲ. ಮೇಣ ಒಂದೇ ವಾರಕ್ಕೆ ಹೋಯಿತು ಅನ್ನುವವರದ್ದು ಬಹುಪಾಲು ಇದೇ ತಪ್ಪು. ಬಳಿಕ ಅರ್ಧ ಕಿಲೋ ಪ್ಯಾರಫಿನ್ ಮೇಣವನ್ನು ಸಣ್ಣ ಪಾತ್ರೆಯಲ್ಲಿಟ್ಟು, ಆ ಪಾತ್ರೆಯನ್ನು ಕುದಿಯುವ ನೀರಿನ ಬೋಗುಣಿಯಲ್ಲಿಟ್ಟು ಕರಗಿಸಿ. ನೇರ ಉರಿಗೆ ಇಡಲೇಬಾರದು, ಮೇಣದ ಆವಿಗೆ ಬೆಂಕಿ ಹತ್ತುತ್ತದೆ. ತಂತಿಗೆ ಪೋಣಿಸಿದ ಚೈನನ್ನು ಮುಳುಗಿಸಿ ಹತ್ತು ನಿಮಿಷ, ನಡುನಡುವೆ ಅಲ್ಲಾಡಿಸುತ್ತ. ಆಮೇಲೆ ಉರಿ ಆರಿಸಿ, ಮೇಣದ ಮೇಲೆ ಕೆನೆ ಕಟ್ಟಲು ಶುರುವಾದಾಗ ಎತ್ತಿ ತೂಗುಹಾಕಿ. ಕುದಿ ಕುದಿ ಇರುವಾಗಲೇ ಎತ್ತಿದರೆ ಮೇಣವೆಲ್ಲ ಒಳಗಿನಿಂದ ಸೋರಿ ಹೋಗುತ್ತದೆ. ಆರಿದ ಚೈನು ಕೋಲಿನಂತೆ ಬಿರುಸು. ಕೊಂಡಿ ಕೊಂಡಿಯಾಗಿ ಬಾಗಿಸಿ, ಚೈನಿನ ಎರಡು ತುದಿ ಸೇರಿಸುವ ಕ್ವಿಕ್ ಲಿಂಕಿನಿಂದ ಹಾಕಿ. ಮೊದಲ ಐದು ಕಿ.ಮೀ. ಗೇರು ಸರಿಯಾಗಿ ಬೀಳುವುದಿಲ್ಲ, ಆಮೇಲೆ ಹದಕ್ಕೆ ಬರುತ್ತದೆ. ಒಣ ದಿನಗಳಲ್ಲಿ 250ರಿಂದ 300 ಕಿ.ಮೀ. ಬಾಳಿಕೆ, ಅಂದರೆ ನನಗೆ ಎರಡು ವಾರದ ಮೇಲೆ. ಮಳೆಯಲ್ಲಿ ಒಮ್ಮೆ ನೆನೆದರೆ ಅದೇ ರಾತ್ರಿ ಒರೆಸಿ ಮತ್ತೆ ಮೇಣ ಹಾಕಬೇಕು, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಎರಡು ಚೈನು ಅದಲುಬದಲು ಮಾಡುತ್ತೇನೆ.

ಸವೆತ ಅಳೆಯಲು ಉಕ್ಕಿನ ಸ್ಕೇಲ್ ಸಾಕು. ಪಿನ್ನಿನ ನಡುವಿನಿಂದ ನಡುವಿಗೆ ಹನ್ನೆರಡು ಜೋಡಿ ಕೊಂಡಿ, ಹೊಸದರಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. 307 ಮುಟ್ಟಿದರೆ 8 ಗೇರಿನ ಚೈನು ಬದಲಿಸಿ. ತಡಮಾಡಿದರೆ ಹಿಂದಿನ ಹಲ್ಲುಗಳೂ ಸವೆದು ಎರಡರ ಖರ್ಚು ಬೀಳುತ್ತದೆ.

ಎರೆಮಣ್ಣಿನ ವಿಷಯ ಬೇರೆ ಊರಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಮೊದಲ ಮಳೆ ಬಿದ್ದಾಗ ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಯ ಮಣ್ಣು ಡಾಂಬರಿನ ಮೇಲೆ ತೆಳ್ಳಗೆ ಹರಡಿ ಸಾಬೂನಿನ ಹಾಗಾಗುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟದೆ, ಹ್ಯಾಂಡಲ್ ನೆಟ್ಟಗಿಟ್ಟು ದಾಟಬೇಕು. ಡಾಂಬರು ಬಿಟ್ಟು ಹೊಲದ ದಾರಿಗಿಳಿದರೆ ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ತುಂಬಿ, ಐವತ್ತು ಮಾರು ಹೋಗುವಷ್ಟರಲ್ಲಿ ಗಾಲಿ ನಿಲ್ಲುತ್ತದೆ. ಮತ್ತೆ ತುಳಿದರೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೈಲರ್ ಮುರಿಯುವ ಸಂಭವ. ಇಳಿದು, ಸೈಕಲ್ ಹೊತ್ತು ಡಾಂಬರಿಗೆ ಬರುವುದೊಂದೇ ದಾರಿ. ಊರಿನ ಓಡಾಟಕ್ಕೆ ಮಡ್‌ಗಾರ್ಡ್ ಬೇಕೇ ಬೇಕು, ಆದರೆ ಟೈರಿಗೂ ಅದಕ್ಕೂ ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದು ಇರಲಿ. ತೊಳೆಯುವಾಗ ಬ್ರೇಕ್ ಮತ್ತು ಡಿರೈಲರಿನ ಸಣ್ಣ ಚಕ್ರಗಳಲ್ಲಿ ಸಿಕ್ಕ ಮಣ್ಣನ್ನು ಹಸಿ ಇರುವಾಗಲೇ ಕಡ್ಡಿಯಿಂದ ಕೆದಕಿ. ಫ್ರೇಮಿನ ಮೇಲಿನದು ಒಣಗಿ ಬಿರಿದು ತಾನೇ ಉದುರುತ್ತದೆ. ಪೈಪಿನ ಜೋರು ನೀರು ಬೇಡ, ಮಣ್ಣು ಬೇರಿಂಗಿನೊಳಗೆ ಹೋಗುತ್ತದೆ.

ಮಳೆಗಾಲದ ಪಡುವಣ ಗಾಳಿ ಇನ್ನೊಂದು. ಸೇಡಂ ರಸ್ತೆ ಮೂಡಣಕ್ಕೆ ಹೋಗುವುದರಿಂದ ಬೆಳಗ್ಗೆ ಗಾಳಿ ಬೆನ್ನಿಗೆ, ಸಂಜೆ ಎದೆಗೆ. ನೆಟ್ಟಗೆ ಕೂತು ತುಳಿಯುವವನಿಗೆ ಗಾಳಿ ಇಲ್ಲದಾಗ ಗಂಟೆಗೆ 20 ಕಿ.ಮೀ.ಗೆ 85 ವ್ಯಾಟಿನಷ್ಟು ಬಲ ಸಾಕು. ಎದುರಿಗೆ 15 ಕಿ.ಮೀ. ವೇಗದ ಗಾಳಿ ಇದ್ದರೆ ಅದೇ ವೇಗಕ್ಕೆ 180 ಬೇಕು. ವೇಗವನ್ನು 15ಕ್ಕೆ ಇಳಿಸಿದರೆ 110ರ ಸುಮಾರಿಗೆ ಆಗುತ್ತದೆ, ಮನೆ ಮುಟ್ಟಲು 11 ನಿಮಿಷ ಹೆಚ್ಚು, ಅಷ್ಟೇ. ಹೊಸಬರು ಬೆಳಗಿನ ವೇಗವನ್ನೇ ಸಂಜೆಗೂ ಹಿಡಿಯಲು ಹೋಗಿ ಮಂಡಿ ಕೆಡಿಸಿಕೊಳ್ಳುತ್ತಾರೆ. ನಾನು ಮುಂದೆ 38ರ ಹಲ್ಲಿನಲ್ಲೇ ಇಟ್ಟು, ಹಿಂದೆ ಬೆಳಗ್ಗೆ 18ರಲ್ಲಿ, ಸಂಜೆ 24ರಲ್ಲಿ, ಎರಡೂ ಹೊತ್ತು ನಿಮಿಷಕ್ಕೆ 75–80 ಸುತ್ತು ತುಳಿಯುತ್ತೇನೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಮೊದಲು ಸೀಟಿನ ಎತ್ತರ ನೋಡಿ: ತೊಡೆಸಂದಿನಿಂದ ನೆಲಕ್ಕೆ 80 ಸೆಂ.ಮೀ. ಇದ್ದರೆ, ಎರಡು ಪೆಡಲಿನ ತೋಳುಗಳೂ ತಿರುಗುವ ಫ್ರೇಮಿನ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಮೈಗೆ ಸುಮಾರು 70.5. ನಮ್ಮೂರಲ್ಲಿ ನೋಡುವ ಸೈಕಲ್‌ಗಳ ಸೀಟು ಬಹುಪಾಲು ಇದಕ್ಕಿಂತ ಕೆಳಗೇ ಇರುತ್ತವೆ.

ಈ ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಹಿಂದಿನಿಂದ ಬರುವ ಡ್ರೈವರಿನ ಕಣ್ಣಿಗೂ ಅದೇ. ಹಾಗಾಗಿ ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಬೇಕು. ಸೈಕಲ್ ನಿಲ್ಲಿಸಿದಾಗ ದೀಪ ಬಿಚ್ಚಿ ಒಳಗೊಯ್ಯಿರಿ, ಬಿಸಿಲಲ್ಲಿ ಕಾದ ಲಿಥಿಯಂ ಬ್ಯಾಟರಿ ಬೇಗ ಸಾಯುತ್ತದೆ.

ಏಪ್ರಿಲ್–ಮೇಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಹೋಗುವುದು ಸುಖ, ಬರುವುದು ನೆತ್ತಿ ಸುಡುವ ಹೊತ್ತಿನಲ್ಲಿ. ಸಾಧ್ಯವಿದ್ದರೆ ಐದರವರೆಗೆ ಅಲ್ಲೇ ಇರುವುದು ಒಳ್ಳೆಯದು. ಬರಲೇಬೇಕಾದರೆ ಹೊರಡುವ ಮೊದಲು ಅರ್ಧ ಲೀಟರ್ ಕುಡಿದು, ಒಂದು ಲೀಟರ್ ಜೊತೆಗೆ. ಆ ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ. ಬಾಟಲಿಗೆ ಹಳೆಯ ಹತ್ತಿ ಕಾಲುಚೀಲ ತೊಡಿಸಿ ತೋಯಿಸಿದರೆ, ಒಣಗಾಳಿಗೆ ಮಣ್ಣಿನ ಗಡಿಗೆಯ ಹಾಗೆ ನೀರು ತಂಪಾಗಿಯೇ ಉಳಿಯುತ್ತದೆ. ಹೆಲ್ಮೆಟ್ಟಿನ ಕೆಳಗೆ ಹಸಿ ಹತ್ತಿಬಟ್ಟೆಯೂ ಅದೇ ಲೆಕ್ಕ. ಜುಲೈನ ಹಸಿಗಾಳಿಯಲ್ಲಿ ಮಾತ್ರ ಎರಡೂ ಕೆಲಸಕ್ಕೆ ಬಾರವು. ತುಂಬುತೋಳಿನ ತೆಳ್ಳನೆ ಬಿಳಿ ಹತ್ತಿ ಅಂಗಿಗಿಂತ ಚೆನ್ನಾದ ಜರ್ಸಿಯನ್ನು ಇಷ್ಟು ದೂರಕ್ಕೆ ನಾನು ಕಂಡಿಲ್ಲ. ತಲೆ ಸಿಡಿದು, ಮೈಮೇಲೆ ಮುಳ್ಳು ಎದ್ದು, ಬೆವರು ನಿಂತಂತೆ ಅನ್ನಿಸಿದರೆ ಅದು ದಣಿವಲ್ಲ, ಬಿಸಿಲಿನ ಹೊಡೆತ. ತಕ್ಷಣ ನೆರಳಿಗೆ ಹೋಗಿ ತಲೆ, ಕತ್ತು, ಮೈಗೆಲ್ಲ ನೀರು ಸುರಿದುಕೊಳ್ಳಬೇಕು, ಮುಂದೆ ತುಳಿಯಬಾರದು, ಮನೆಯವರನ್ನು ಕರೆಸಿಕೊಳ್ಳಬೇಕು. ಮಾತು ತೊದಲಿದರೆ ನೇರ ಆಸ್ಪತ್ರೆಗೆ.

ಇದೇ ಸೈಕಲ್ ದೂರದ ಸವಾರಿಗೂ ಆಗುತ್ತದೆ. ಹುಮನಾಬಾದ್ ಮೇಲೆ ಬೀದರ್‌ಗೆ ಸುಮಾರು 110 ಕಿ.ಮೀ., ಹೋಗಿಬಂದರೆ 200 ಕಿ.ಮೀ.ನ ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ) ಒಳ್ಳೆಯ ತಾಲೀಮು; ಅದರ ಗಡುವು 13 ಗಂಟೆ 30 ನಿಮಿಷ. ನೆಲ ಒಟ್ಟಾರೆ 200 ಮೀಟರ್ ಏರುತ್ತದೆ, ಕಮಲಾಪುರ ದಾಟಿದ ಮೇಲೆ ಮುಂದಿನ 28ರ ಹಲ್ಲು ಕೆಲಸಕ್ಕೆ ಬರುತ್ತದೆ. ತಿನ್ನಲು ಕಮಲಾಪುರದ ಕೆಂಪು ಬಾಳೆ, ಚೀಲದಲ್ಲಿ ಶೇಂಗಾ ಹೋಳಿಗೆ. ಚಾಕೊಲೇಟಿನ ಹಾಗೆ ಕರಗುವುದಿಲ್ಲ, ಗಂಟೆಗೊಂದು ಸಾಕು. ಹೋಗುವುದಾದರೆ ಡಿಸೆಂಬರ್–ಜನವರಿ. ಆಗ ಮೂಡಣ ಗಾಳಿ ಹೋಗುವಾಗ ತಡೆದು ಬರುವಾಗ ತಳ್ಳುತ್ತದೆ. ಆದರೆ ಕಬ್ಬಿನ ಟ್ರ್ಯಾಕ್ಟರುಗಳ ಹಂಗಾಮೂ ಅದೇ; ಟ್ರೇಲರಿಗೆ ಹಿಂದೀಪ ಇರುವುದಿಲ್ಲ, ಕತ್ತಲಲ್ಲಿ ಹೊರಚಾಚಿದ ಕಬ್ಬಿನ ತುದಿ ಕಾಣುವುದಿಲ್ಲ. ಹಳ್ಳಿಗಳ ಹತ್ತಿರ ತೊಗರಿಯನ್ನು ರಸ್ತೆಗೇ ಹರವಿರುತ್ತಾರೆ, ಲಾರಿ ಹಾಯ್ದು ಕಾಳು ಬಿಡಲಿ ಅಂತ. ಅದರ ಮೇಲೆ ತುಳಿಯುತ್ತ ಹೋದರೆ ತೊಗರಿಕಟ್ಟಿಗೆ ಡಿರೈಲರಿಗೆ ಸುತ್ತಿಕೊಂಡು, ಅದನ್ನು ಫ್ರೇಮಿಗೆ ಹಿಡಿದ ಹ್ಯಾಂಗರ್ ಮುರಿಯುತ್ತದೆ. ಇಳಿದು ತಳ್ಳಿಕೊಂಡು ದಾಟಿ, ಚೈನಿನಲ್ಲಿ ಸಿಕ್ಕ ಕಡ್ಡಿ ಕಿತ್ತು, ಒಂದು ಸಲ ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ, ಆಮೇಲೆ ಹತ್ತಿ.